ಅಜ್ಜನ ಧೌತಿಯ ತುದಿ

ಕೇಶ್ವಾಪುರದಲ್ಲಿ ನಾನಿರುವ ಮನೆಯ ಕೆಳಗೆ ಒಂದು ಇಸ್ತ್ರಿ ಅಂಗಡಿಯಿದೆ. ಅಂಗಡಿಯವನು ಬೆಳಿಗ್ಗೆ ಗಂಜಿ ಹಾಕಿದ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಾಗ ಒಂದು ವಾಸನೆ ಏಳುತ್ತದೆ, ಅನ್ನ ತಳ ಹಿಡಿಯುವ ಮೊದಲು ಬರುತ್ತದಲ್ಲ, ಹಾಗೆ. ಬೇರೆಯವರಿಗೆ ಅದು ಹಬ್ಬದ ವಾಸನೆ ಇರಬಹುದು. ನನ್ನ ಎಡಗೈ ಮಾತ್ರ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಇಷ್ಟು ವಯಸ್ಸಾದರೂ ಆ ಕೈಗೆ ಬುದ್ಧಿ ಬಂದಿಲ್ಲ.

ನಾನು ಚಿಕ್ಕವಳಿದ್ದಾಗ, ಖಾದಿ ನೇಯುವ ಊರು ಗರಗದ ನಮ್ಮ ಮನೆಯಲ್ಲಿ ಆ ಮುಷ್ಟಿಗೆ ಕೆಲಸವಿತ್ತು. ಅಜ್ಜ ಯೋಗ ಮಾಡುತ್ತಿದ್ದ. ಈಗ ಚಾಪೆ ಸುತ್ತಿಕೊಂಡು ಹೋಗಿ ಕಲಿಯುತ್ತಾರಲ್ಲ, ಅದಲ್ಲ. ಅವನ ಗುರು ಹೇಳಿಕೊಟ್ಟ ಹಳೆಯ ಪದ್ಧತಿ: ಮೊದಲು ಒಳಗಿನ ಕೊಳೆ ತೆಗೆಯುವುದು, ಆಮೇಲೆ ಆಸನ, ಆಮೇಲೆ ಉಸಿರು, ಎಲ್ಲ ಮುಗಿದ ಮೇಲೆ ಶಿವನ ಮುಂದೆ ಸುಮ್ಮನೆ ಕೂಡುವುದು. ಹೊಲಕ್ಕೆ ಹೋಗುವ ಮುಂಚೆ ಹಿತ್ತಲ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಧೌತಿ ಮಾಡುತ್ತಿದ್ದ. ಧೌತಿ ಅಂದರೆ ನಾಲ್ಕು ಬೆರಳಗಲದ ಉದ್ದನೆಯ ಬಟ್ಟೆಪಟ್ಟಿ. ನೆನೆಸಿದ ಅದನ್ನು ಸ್ವಲ್ಪ ಸ್ವಲ್ಪವೇ ನುಂಗಿ, ಹೊಟ್ಟೆ ತಿರುವಿ, ಮತ್ತೆ ಹೊರಗೆ ತೆಗೆಯುವುದು. ಇದನ್ನು ಓದಿ ಯಾರೂ ಮಾಡಲು ಹೋಗಬೇಡಿ, ಸಾಯುತ್ತೀರಿ. ಪಟ್ಟಿಯ ನೂಲು ಆಯಿಯದು. ನಾವು ಅಜ್ಜಿಗೆ ಆಯಿ ಅನ್ನುತ್ತಿದ್ದೆವು. ಗಂಟಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವಳೇ ರಾಟೆ ತಿರುಗಿಸಿ ನೂತು, ನೇಕಾರನ ಮಗ್ಗುಲಲ್ಲೇ ಕೂತು ನೇಯಿಸಿ ತರುತ್ತಿದ್ದಳು. ಬಾಯಿಂದ ಹೊರಗುಳಿದ ತುದಿ ಹಿಡಿಯುವುದು ನನ್ನ ಕೆಲಸ. ಅದು ಒಳಗೆ ಜಾರಿದರೆ ನಿಮ್ಮಜ್ಜ ಹೋದ ಎಂದು ಆಯಿ ನನ್ನ ಕಿವಿಯಲ್ಲಿ ಹೇಳಿಯೇ ಕಳಿಸುತ್ತಿದ್ದಳು.

"ಬಿಗಿ ಹಿಡಿ, ತಂಗಿ. ಆದರ ಎಳೀಬ್ಯಾಡ," ಅನ್ನುತ್ತಿದ್ದ ಅಜ್ಜ. "ಎಳದ್ರ ಗಂಟಲಾ ಹೆದರ್ತೈತಿ. ಹೆದರಿದ್ದು ಬಿಡಂಗಿಲ್ಲ. ಯೋಗಾ ಅಂದ್ರ ಇಷ್ಟ."

ನನಗೇನು ತಿಳಿಯಬೇಕು? ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, ಬೆರಳು ನೀಲಿಯಾಗುವವರೆಗೆ ಹಿಡಿದಿರುತ್ತಿದ್ದೆ. ನನಗೆ ಸೀನು ಬಂದರೆ? ನಾಯಿ ಮೈಮೇಲೆ ಹಾರಿದರೆ? ಕನಸಿನಲ್ಲೂ ತುದಿ ಜಾರುತ್ತಿತ್ತು.

ಒಂದು ಶಿವರಾತ್ರಿಯ ಹಿಂದಿನ ದಿನ ಆಯಿ ಮನೆಯ ಬಿಳಿ ಬಟ್ಟೆಗೆಲ್ಲ ಗಂಜಿ ಹಾಕಿದಳು. ಧೋತರ, ಅಂಗಿ, ಟೊಪ್ಪಿಗೆ, ಎಲ್ಲ ಆದ ಮೇಲೆ ಧೌತಿ ಮುದ್ದೆಯಾಗಿ ಬಿದ್ದದ್ದು ಕಾಣಿಸಿತು. ಗರಗದ ಹೆಂಗಸಿನ ಕಣ್ಣಿಗೆ ಸೊರಗಿದ ಖಾದಿ ಆಗದು. ಅದನ್ನೂ ಗಂಜಿಯಲ್ಲಿ ಅದ್ದಿ ಒಣಹಾಕಿದಳು. ಮರುದಿನ ಬೆಚ್ಚಗಿನ ನೀರಲ್ಲಿ ನೆನೆಸಿದರೂ ಗಂಜಿ ಪೂರ್ತಿ ಬಿಟ್ಟಿರಲಿಲ್ಲ. ಅಜ್ಜ ಅರ್ಧ ನುಂಗಿದ, ಪಟ್ಟಿ ಅಲ್ಲೇ ನಿಂತಿತು. ಒಳಗೂ ಹೋಗದು, ಹೊರಗೂ ಬಾರದು. ಅವನ ಕಣ್ಣು ಕೆಂಪಾಗಿ ಮೂಗಲ್ಲಿ ನೀರಿಳಿಯಿತು. ಆಯಿ ಒಲೆ ಬಿಟ್ಟು ಓಡಿ ಬಂದಳು.

"ಎಳಿ ಅದನ್ನ! ಜೀವ ಹೋಗ್ತೈತಿ, ಎಳೀ ಅಂದ್ರ!"

ಅಜ್ಜನ ಅಂಗೈ ನನ್ನ ಮುಂದೆ ಎದ್ದಿತು: ಬೇಡ. ಯಾರ ಮಾತು ಕೇಳಬೇಕು? ಪಟ್ಟಿ ಅಲುಗದಂತೆ ಮುಷ್ಟಿಯನ್ನು ಮೊಣಕಾಲಿಗೆ ಒತ್ತಿ ಹಿಡಿದೆ. ಆಯಿ ತಾನೇ ಎಳೆಯಲು ಕೈ ಹಾಕಿದಳು, ನಾನು ಮೊಣಕೈಯಿಂದ ತಳ್ಳಿದೆ. ಅಜ್ಜ ಕಣ್ಣು ಮುಚ್ಚಿದ. ಮೂಗಿನಲ್ಲೇ ಮೆಲ್ಲಗೆ ಉಸಿರಾಡುತ್ತ, ತಂಬಿಗೆಯ ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಇಳಿಸುತ್ತ, ಕಟ್ಟೆಯ ಕಲ್ಲಿನ ಹಾಗೆ ಕೂತ. ಎಷ್ಟು ಹೊತ್ತೋ. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ. ಆಮೇಲೆ ನನ್ನ ಬೆರಳಿಗೆ ಸುತ್ತಿದ ಬಟ್ಟೆ ತಾನೇ ಸಡಿಲಾಯಿತು. ಅಜ್ಜ ಅದನ್ನು ಸಾವಕಾಶ ಹೊರಗೆ ತೆಗೆದು, ಬಾಯಿ ಮುಕ್ಕಳಿಸಿ, ಆಯಿಯ ಕಡೆ ತಿರುಗಿದ.

"ನನ್ನ ಹೊಟ್ಟಿಗೂ ಇಸ್ತ್ರಿ ಹೊಡೀಬೇಕಂತ ಮಾಡಿದ್ದೇನ?"

ಆಯಿ ನಗಲಿಲ್ಲ. "ಸಾಕ್ ಮಾಡ್ರಿ ನಿಮ್ಮ ಯೋಗಾ. ಹೊಟ್ಟಿ ತೊಳಕೊಂಡ ಬಾ ಅಂತ ಶಿವಾ ಅಂದಾನೇನ್ರಿ?"

"ಬಾಡಗಿ ಮನಿ ಇದು. ಬಿಡೂ ಮುಂದ ಸ್ವಚ್ಛ ಮಾಡಿ ಕೊಡಬೇಕಲಾ," ಎಂದು ಹೊಟ್ಟೆ ತಟ್ಟಿಕೊಂಡ.

ಅಂದಿನಿಂದ ಆಯಿ ಯಾವ ಬಟ್ಟೆಗೂ ಗಂಜಿ ಹಾಕಲಿಲ್ಲ. ಮದುವೆ ಮನೆಗೂ ಮುದುಡಿದ ಸೀರೆ ಉಟ್ಟೇ ಹೋಗುತ್ತಿದ್ದಳು. ಬೀಗರು ನಕ್ಕರೆ ನಕ್ಕರು.

ಅಜ್ಜನಿಗೆ ಕಡೆಯ ಉಸಿರು ಹತ್ತಿದಾಗ ಸುಳ್ಳ ಎಂಬ ಊರಲ್ಲಿದ್ದ ಗಂಡನ ಮನೆಯಿಂದ ನನ್ನನ್ನು ಕರೆಸಿದರು. ಆಯಿ ನನ್ನನ್ನೇ ಅವನ ಹತ್ತಿರ ಕೂಡಿಸಿದಳು. ಏನು ಹಿಡಿಯಬೇಕೋ ತಿಳಿಯದೆ ಅವನ ಧೋತರದ ಚುಂಗಿನ ತುದಿ ಹಿಡಿದೆ. ಎದೆಯಲ್ಲಿ ಅದೇ ಹಳೆಯ ಹೆದರಿಕೆ. ಆಯಿ ಈ ಸಲ ಎಳಿ ಅನ್ನಲಿಲ್ಲ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ದೂರವಾಗುತ್ತ ಹೋಯಿತು. ಹಿಡಿದಿದ್ದೆ, ಎಳೆಯಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅಜ್ಜನ ಕಾಲು ಮಡಿಸಲು ಯಾರೂ ತ್ರಾಸು ಪಡಲಿಲ್ಲ, ದಿನಾ ಕೂತ ಹಾಗೆಯೇ ಕೂತ. ಆಯಿ ಧೌತಿಯನ್ನು ಮೆತ್ತಗೆ ಒಗೆದು ತಂದಿದ್ದಳು. ಕುಣಿಗೆ ಬಗ್ಗಿ ಅದನ್ನು ಅವನ ಮಡಿಲಿಗೆ ಇಳಿಬಿಟ್ಟಳು, ತುದಿಯನ್ನು ಮಾತ್ರ ಅವಳ ಬೆರಳು ಬಿಡಲಿಲ್ಲ. ಜನ ಮಣ್ಣು ಹಿಡಿದು ನಿಂತಿದ್ದರು. ನಾನೇ ಒಂದೊಂದು ಬೆರಳು ಬಿಡಿಸಿದೆ.

ಆಯಿಯೂ ಹೋದಳು, ಮನೆ ಬಿತ್ತು, ರಾಟೆ ಯಾರ ಪಾಲಿಗೋ. ಈಗಲೂ ಕೆಳಗಿನ ಇಸ್ತ್ರಿಯವನು ಗಂಜಿ ಬಟ್ಟೆ ಮುಗಿಸುವವರೆಗೆ ನನ್ನ ಮುಷ್ಟಿ ಹೀಗೇ ಇರುತ್ತದೆ. ಅದರೊಳಗೆ ಏನೂ ಇಲ್ಲ.