ಸೊನ್ನೆ, ಒಂದರ ನಡುವೆ ಸೇರಿದ ಅರ್ಧ

ತೊಂಬತ್ತರ ದಶಕದ ನಡುಭಾಗ. ನಾನಾಗ ವೈಟ್‌ಫೀಲ್ಡ್‌ನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸೀನಿಯರ್ ಪ್ರೋಗ್ರಾಮರ್. ಪೀಣ್ಯದ ಒಂದು ಕಾರ್ಖಾನೆಯಿಂದ ಕರೆ ಬಂತು. ಕಾದ ಉಕ್ಕಿನ ಬಿಡಿಭಾಗಗಳನ್ನು ಎಣ್ಣೆ ತೊಟ್ಟಿಯಲ್ಲಿ ಅದ್ದಿ ಗಟ್ಟಿ ಮಾಡುವ ಕಾರ್ಖಾನೆ ಅದು. ತೊಟ್ಟಿಗೆ ಬೆಂಕಿ ಹತ್ತಿ ಆಪರೇಟರ್ ಶರಣಪ್ಪ ಎರಡೂ ಕಣ್ಣು ಕಳೆದುಕೊಂಡಿದ್ದ. ಸೈರನ್ ಕೂಗಿದರೂ ಆತ ನಿದ್ದೆಯಲ್ಲಿದ್ದ ಎಂಬುದು ಮ್ಯಾನೇಜರ್ ಮೂರ್ತಿಯವರ ವಾದ. ಎಣ್ಣೆ ಮಿತಿಮೀರಿ ಕಾದರೆ ಸೈರನ್ ಕೂಗಿಸುವ ಪ್ರೋಗ್ರಾಂ ಸರಿಯಿದೆ ಎಂದು ನಾನು ಬರೆದುಕೊಟ್ಟರೆ ತಪ್ಪೆಲ್ಲ ಅವನ ತಲೆಗೆ.

ಮೊದಲು ಆಸ್ಪತ್ರೆಗೆ ಹೋದೆ. ಶರಣಪ್ಪ ರಾಯಚೂರು ಕಡೆಯವನು, ಮಾಕಳಿಯಲ್ಲಿ ಬಾಡಿಗೆ ಕೋಣೆ. ಮುಖದ ತುಂಬ ಬ್ಯಾಂಡೇಜು.

"ಸೈರನ್ ಹೊಡೀಲೇ ಇಲ್ರಿ ಸರ. ಹೊಡದಿದ್ರ ನಾ ತೊಟ್ಟಿ ಮುಂದ ಯಾಕ ನಿಲ್ತಿದ್ದೆ?" ಎಂದ.

ಪ್ರೋಗ್ರಾಂ ಅರೇ ಭಾಷೆಯಲ್ಲಿತ್ತು. ಅಂಕಿಗಳ ಇಡೀ ಸಾಲನ್ನು ಒಂದು ಅರೇ ಎಂದು ಹಿಡಿದು ಒಂದೇ ಆಜ್ಞೆಯಲ್ಲಿ ಲೆಕ್ಕ ಮಾಡುವ ಭಾಷೆ. ಸೆನ್ಸರ್‌ಗಳು ಕಳಿಸುತ್ತಿದ್ದುದು ಸೊನ್ನೆ ಇಲ್ಲವೇ ಒಂದು: ಎಣ್ಣೆಯ ಬಿಸಿ ಮಿತಿಯಲ್ಲಿದೆ, ಅಥವಾ ಮಿತಿ ಮೀರಿದೆ. ಬರೀ ಸೊನ್ನೆ, ಒಂದು ಇರುವವರೆಗೆ ಪ್ರತಿ ಅಂಕಿಗೂ ಮೆಮೊರಿಯಲ್ಲಿ ಒಂದು ಬಿಟ್ ಜಾಗ ಸಾಕು. ಇಡೀ ವಾರದ ಅಂಕಿಗಳನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಲಾಡುತ್ತಿತ್ತು. ಆದರೆ ಒಂದು ಅರೇಯಲ್ಲಿ ಎಲ್ಲಕ್ಕೂ ಒಂದೇ ಡೇಟಾ ಟೈಪ್, ಅಂದರೆ ಎಲ್ಲವೂ ಒಂದೇ ಬಗೆಯ ಅಂಕಿಗಳಾಗಿರಬೇಕು. ಒಂದೇ ಒಂದು ದಶಮಾಂಶ ನುಸುಳಿದರೂ ಲಕ್ಷಾಂತರ ಸೊನ್ನೆ, ಒಂದುಗಳೆಲ್ಲ ದಶಮಾಂಶಗಳಾಗಿ, ತಲಾ ಅರವತ್ತನಾಲ್ಕು ಬಿಟ್ ಕೇಳುತ್ತವೆ.

ಅರೇ ತೆರೆದು ನೋಡಿದೆ. ನಡುವೆ ಒಂದು 0.5 ಕೂತಿತ್ತು. ಪಕ್ಕದಲ್ಲಿ ನಿಂತಿದ್ದವರ ಕಡೆ ತಿರುಗಿದೆ.

"ಇದ್ಯಾರು ಹಾಕಿದ್ದು?"

"ನಾನೇ ಸಾರ್," ಎಂದರು ಮೆಂಟೆನೆನ್ಸ್ ಎಂಜಿನಿಯರ್ ಗಿರೀಶ್. "ಅವತ್ತು ಬೆಳಗ್ಗೆ ಒಂದು ಸೆನ್ಸರ್ ರಿಪೇರಿಗೆ ಬಿಚ್ಚಿದ್ವಿ. ಬೋರ್ಡಲ್ಲಿ ಹಾಕೋ ಥರಾನೇ ಇಲ್ಲೂ ಅರ್ಧ ಹಾಕ್ದೆ."

ಶೆಡ್ಡಿನ ಗೋಡೆಯ ಕಪ್ಪು ಹಲಗೆಯಲ್ಲಿ ಓಡುವ ಮಿಷಿನ್‌ಗೆ ತುಂಬಿದ ವೃತ್ತ, ನಿಂತದ್ದಕ್ಕೆ ಖಾಲಿ ವೃತ್ತ, ರಿಪೇರಿಯಲ್ಲಿರುವುದಕ್ಕೆ ಅರ್ಧ ತುಂಬಿದ ವೃತ್ತ ಬರೆಯುವುದು ಅಲ್ಲಿನ ವಾಡಿಕೆ. ಹಲಗೆಗೆ ಅದರಿಂದ ಭಾರವಾಗುವುದಿಲ್ಲ. ಪ್ರೋಗ್ರಾಮೂ ತಕರಾರು ಮಾಡದೆ ನುಂಗಿಕೊಂಡಿತ್ತು. ಬೆಂಕಿ ಬಿದ್ದದ್ದು ಅದೇ ಮಧ್ಯಾಹ್ನ.

ಅಂದಿನ ಅಂಕಿಗಳನ್ನೇ ಮತ್ತೆ ಓಡಿಸಿದೆವು. ಮೆಮೊರಿ ತುಂಬಿ, ಜಾಗ ಸಾಲದೆ ಕಂಪ್ಯೂಟರ್ ಅದಕ್ಕಿಂತ ಎಷ್ಟೋ ನಿಧಾನವಾದ ಹಾರ್ಡ್ ಡಿಸ್ಕ್ ಕೆರೆಯತೊಡಗಿತು. ನಿಮಿಷಗಳು ಸರಿದವು. ಕೊನೆಗೆ ಸೈರನ್ ಕೂಗಿತು.

"ನೋಡಿ, ಬಂತಲ್ಲ. ಲೆಕ್ಕ ತಪ್ಪಿಲ್ಲ ಅಂತಾನೇ ಬರೀರಿ," ಎಂದರು ಮೂರ್ತಿ.

ನನಗೆ ಉರಿದುಹೋಯಿತು. ಲೆಕ್ಕ ಸರಿ, ಆದರೆ ಅದು ಮುಗಿಯುವಷ್ಟರಲ್ಲಿ ಬೆಂಕಿ ಹೊತ್ತಿಯಾಗಿತ್ತು ಎಂದು ಬರೆದು ಸಹಿ ಹಾಕಿದೆ. ಮೂರ್ತಿ ಮುಖ ಗಂಟಿಕ್ಕಿದರು. ಶರಣಪ್ಪನ ಮೇಲಿನ ಆರೋಪವನ್ನು ಮಾತ್ರ ಬಿಡಲೇಬೇಕಾಯಿತು.

ಸುದ್ದಿ ಹೇಳಲು ಆಸ್ಪತ್ರೆಗೆ ಹೋದೆ. ಶರಣಪ್ಪ ಬಾಗಿಲ ಕಡೆ ಕೈ ತೋರಿಸಿದ.

"ಹೊರಗ ನನ್ನ ಹೆಂಡ್ತಿ ಕುಂತಾಳ. ಆಕಿಗೂ ಹೇಳ್ರಿ ಸರ. ಆಕಿನೂ ನಾ ಮಲಗಿದ್ದೆ ಅಂತ ತಿಳಕೊಂಡಾಳ."

ವರಾಂಡದಲ್ಲಿ ಆಕೆಗೆ ಎಲ್ಲವನ್ನೂ ವಿವರಿಸಿದೆ. ಬಿಟ್, ದಶಮಾಂಶಗಳ ಮಾತು ಆಕೆಗೆ ಬೇಕಿರಲಿಲ್ಲ.

"ಅಂದ್ರ ಅವ್ರು ಎಚ್ಚರ ಇದ್ರೇನ್ರಿ?"

"ಇದ್ರಮ್ಮ."

"ಅವತ್ತಿಂದ ಬರೇ ಬೈಲಿಕ್ಕತ್ತೀನ್ರಿ ನಾ," ಎಂದು ಆಕೆ ಗೋಡೆಗೆ ಮುಖ ತಿರುಗಿಸಿ ಅತ್ತಳು.

ಉತ್ತರ ಸರಿಯಿದ್ದರೆ ಸಾಲದು, ಬೇಕಾದ ಹೊತ್ತಿಗೆ ಬರಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ಆಕೆಗೆ ನಾನು ಕೊಟ್ಟ ಉತ್ತರವೂ ತಡವಾಗಿಯೇ ಬಂದಿತ್ತು.