ಹೆಗಲ ಮೇಲೊಂದು ತಟ್ಟು

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಅದು ಶುರುವಾಯಿತು. ಈಗಲೂ ಎಲ್ಲಾದರೂ ವೈರು ಸುಟ್ಟ ವಾಸನೆ ಬಂದರೆ ನನ್ನ ಕಣ್ಣು ಮೊದಲು ಗಡಿಯಾರ ಹುಡುಕುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು.

ಎರಡು ಸಾವಿರದ ಐದರ ಆಸುಪಾಸು. ಜ್ಞಾನಭಾರತಿಯಲ್ಲಿ ಇತಿಹಾಸದ ಎಂ.ಎ. ಓದುತ್ತ ಬಸವೇಶ್ವರನಗರದ ಮನೆಯೊಂದರ ಮಹಡಿಯ ಹಿಂಬದಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅದೇ ಮಹಡಿಯ ಮುಂಭಾಗದಲ್ಲಿ ಮಾಲೀಕರಾದ ದಾವಣಗೆರೆ ಕಡೆಯ ಚನ್ನಬಸಪ್ಪನವರು, ಅವರ ಹೆಂಡತಿ ಗಿರಿಜಮ್ಮ. ಚನ್ನಬಸಪ್ಪನವರು ಮಿಲ್ಲಿನ ಕೆಲಸದ ನಡುವೆ, ಕರೆ ಬಂದಾಗ ಸಮವಸ್ತ್ರ ತೊಡುವ ಮೀಸಲು ಸೈನಿಕರಾಗಿದ್ದವರು. ಅವರ ಲೈಟ್ ಇನ್‌ಫೆಂಟ್ರಿ ಎಂಬ ಕಾಲಾಳು ದಳವನ್ನು ಎಂದೋ ವಿಸರ್ಜಿಸಿದ್ದರು. ಬೆನ್ನ ಮೇಲೆ ಭಾರ ಕಡಿಮೆ, ನಡಿಗೆ ಜೋರು, ಅದೇ ‘ಲೈಟ್’ ಎನ್ನುತ್ತಿದ್ದರು. ಯಾವ ಯುದ್ಧ, ಯಾಕೆ ಮುಚ್ಚಿದರು ಎಂದು ಪೀಡಿಸುತ್ತಿದ್ದೆ. ಯುದ್ಧ ಒಂದೂ ಇಲ್ಲ. ಮುಚ್ಚಿದ್ದೇಕೆಂದು ಅವರಿಗೂ ಯಾರೂ ಹೇಳಿರಲಿಲ್ಲ. ಒಂದು ರೂಢಿಯನ್ನು ಮಾತ್ರ ಉತ್ಸಾಹದಿಂದ ವರ್ಣಿಸುತ್ತಿದ್ದರು: ಕತ್ತಲಲ್ಲಿ ಸಾಲಾಗಿ ನಡೆಯುವಾಗ ಕೊನೆಯವನು ಮುಂದಿನವನ ಹೆಗಲು ತಟ್ಟಬೇಕು, ಆ ತಟ್ಟು ಒಬ್ಬರಿಂದೊಬ್ಬರಿಗೆ ದಾಟಿ ಮೊದಲನೆಯವನಿಗೆ ತಲುಪಬೇಕು. ತಲುಪದಿದ್ದರೆ ಅವನು ಹೆಜ್ಜೆ ಕೀಳುವಂತಿಲ್ಲ. ಇದೂ ಒಂದು ಇತಿಹಾಸವೇ ಎಂದುಕೊಂಡಿದ್ದೆ.

ಅಂದು ಮೆಟ್ಟಿಲ ಬುಡದ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ಕಿಟಕಿಗಳಿಗೆಲ್ಲ ಗ್ರಿಲ್ಲು, ಇದ್ದದ್ದು ಆ ಮೆಟ್ಟಿಲೊಂದೇ. ಚನ್ನಬಸಪ್ಪನವರು ಮೂವರ ಮೂತಿಗೂ ಒದ್ದೆ ಟವೆಲ್ ಸುತ್ತಿಸಿ ತಾವು ಮುಂದೆ ನಿಂತರು. ನಡುವೆ ನಾನು, ಹಿಂದೆ ಗಿರಿಜಮ್ಮ. ಕಪ್ಪು ಹೊಗೆಯಲ್ಲಿ ಅರ್ಧ ಇಳಿದವರೇ ಅವರು ನಿಂತುಬಿಟ್ಟರು.

“ನಡೀರಿ ಸಾರ್.”

“ಹಿಂದಿನಿಂದ ತಟ್ಟು ಬಂತಾ?”

ಹಿಂದಕ್ಕೆ ಕೈ ಚಾಚಿದೆ. ಗೋಡೆ ಬಿಟ್ಟರೆ ಏನೂ ಸಿಗಲಿಲ್ಲ.

ನನ್ನನ್ನು ಪಕ್ಕಕ್ಕೆ ಸರಿಸಿ ಅವರು ಮೇಲಕ್ಕೆ ಓಡಿದರು, ನಾನೂ ಓಡಿದೆ. ಗಿರಿಜಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ಕೆಮ್ಮುತ್ತಿದ್ದರು.

“ಒಲೆ ಮೇಲೆ ಹಾಲಿಟ್ಟಿದ್ದೆ ಕಣ್ರೀ.”

ಅವರು ಹೆಂಡತಿಯ ಕೈ ಎತ್ತಿ ನನ್ನ ಹೆಗಲ ಮೇಲಿಟ್ಟರು. “ಮೊದ್ಲು ತಟ್ಟು. ಬೈಯೋದು ಆಮೇಲೆ.”

ಆ ತಟ್ಟನ್ನು ನಾನು ಅವರ ಹೆಗಲಿಗೆ ದಾಟಿಸಿದೆ. ಉರಿಯುತ್ತಿದ್ದ ಬೋರ್ಡಿನ ಪಕ್ಕದಲ್ಲೇ ನುಸುಳಿ ಮೂವರೂ ಬೀದಿಗೆ ಬಂದೆವು.

ಬೆಂಕಿ ಆರಿ ಮನೆಗೆ ಮರಳಿದ ಮೇಲೂ ನಿದ್ದೆ ಮಾತ್ರ ನನ್ನ ಕೋಣೆಗೆ ಕಾಲಿಡಲಿಲ್ಲ. ಕಣ್ಣು ಮುಚ್ಚಿದರೆ ಅದೇ ಮೆಟ್ಟಿಲು, ಅದೇ ಗೋಡೆ. ಕೆಲವು ವಾರಗಳಲ್ಲೇ ಬಂದ ಶಿವರಾತ್ರಿಗೆ ಜಾಗರಣೆಯ ಅಭ್ಯಾಸ ನನ್ನಷ್ಟು ಇದ್ದವರು ಬೀದಿಯಲ್ಲೇ ಇರಲಿಲ್ಲ. ಮರುದಿನ ಬೆಳಿಗ್ಗೆ, ಆ ಹೆಗಲು ತಟ್ಟುವ ರೂಢಿ ಶುರುವಾದದ್ದು ಹೇಗೆಂದು ಚನ್ನಬಸಪ್ಪನವರನ್ನು ಕೇಳಿದೆ.

“ಒಬ್ಬನ್ನ ಕಾಡಲ್ಲಿ ಬಿಟ್ಟು ಬಂದ್ಬಿಟ್ಟಿದ್ವಿ ಕಣಪ್ಪ.”

“ಸಿಕ್ಕಿದ್ರಾ?”

“ನಾವೆಲ್ಲ ಹುಡುಕಿ ಸುಸ್ತಾಗಿ ಬಂದ್ರೆ, ಅವನು ಕ್ಯಾಂಪಲ್ಲಿ ಕೂತು ನಮ್ಮ ಉಪ್ಪಿಟ್ಟನ್ನೂ ತಿಂದು ಮುಗಿಸಿದ್ದ.”

ಗಿರಿಜಮ್ಮ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ಅಂದು ರಾತ್ರಿ ಮಲಗಿದವನು ಎದ್ದಾಗ ಬಿಸಿಲು ಕೋಣೆಯ ನಡುವಿಗೆ ಬಂದಿತ್ತು.