ಬಂಗಲೆಯ ಕೆಳಗಿನ ಹೊಂಡ

ಜಂಗಲ್ ಖಾತೆಯ ಸಾಹೇಬರ ಕೆಲಸಕ್ಕೆಂದು ಅಪ್ಪ ಬೆಳಗಾವಿಯಿಂದ ಖಾನಾಪುರದ ಕಾಡಿಗೆ ಹೊರಟಾಗ ಅವ್ವನೂ ನಾನೂ ಜತೆಗೆ ಹೋಗಿದ್ದೆವು. ಇಳಿಹೊತ್ತಿನಲ್ಲಿ ನಾವು ಇಳಿದುಕೊಂಡಿದ್ದ ಬಂಗಲೆಯ ಕಟ್ಟೆಯ ಮೇಲೆ ಒಬ್ಬಳೇ ಕೂತು ನೋಡುತ್ತೇನೆ, ಕೆಳಗಿನ ಹೊಂಡದಲ್ಲಿ ಹುಲಿ ನೀರು ಕುಡಿಯುತ್ತಿದೆ! ಅದರ ಎದುರು ದಂಡೆಯಲ್ಲೇ ಕೊಡ ಹಿಡಿದ ಹೆಂಗಸೊಬ್ಬಳು ನಿಂತಿದ್ದಾಳೆ! ಬೆಳಗಾವಿಯ ಮಿಶನ್ ಮಡ್ಡಮ್ಮಗಳ, ಆ ಬಿಳಿ ಮೇಡಮ್ಮುಗಳ, ಸಾಲೆಯಲ್ಲಿ ಮೆಲುಮಾತನ್ನೇ ಕಲಿತ ನನ್ನ ಗಂಟಲಿನಿಂದ ಕೂಗು ಹೊರಡಲೇ ಇಲ್ಲ. ಹುಲಿ ಸಾವಕಾಶ ಕುಡಿದು ಪೊದೆಯೊಳಗೆ ಸರಿಯಿತು. ಅವಳು ಕೊಡ ತುಂಬಿಕೊಂಡು ನೇರವಾಗಿ ನಮ್ಮ ಮೆಟ್ಟಿಲಿಗೇ ಬಂದಳು.

“ಅಂಜಿಕಿ ಬರಲಿಲ್ಲೇನ ಯವ್ವಾ?” ಎಂದೆ ಹೇಗೋ.

“ಅದರ ಪಾಳಿ ಇತ್ರಿ ಅಕ್ಕಾರ, ಮುಗೀಲಿ ಅಂತ ನಿಂತಿದ್ದೆ. ನಿಮ್ಮ ಚಾಕ್ಕ ನೀರು ಬೇಕಲ್ರಿ?”

ಒಳಗಿದ್ದ ಅವ್ವ, ನಮ್ಮ ಜೈನರ ಪದ್ಧತಿಯಂತೆ, ಆ ನೀರನ್ನು ಅರಿವೆಯಲ್ಲಿ ಸೋಸಿಯೇ ಚಹಾಕ್ಕಿಟ್ಟಳು. ಹುಲಿಯ ಎಂಜಲು ಅರಿವೆಯಲ್ಲಿ ನಿಲ್ಲುತ್ತದೆಯೇ ಎಂದು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.